ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ಬಳಸುವವರು ಹೇಳಿ: ನಮ್ಮ ಬೇಸಿಗೆಯಲ್ಲಿ ವೇಗ, ಬಿಸಿ, ಬ್ಯಾಟರಿ ಹೇಗಿದೆ?

ವಿದ್ಯಾನಗರ ಸಿವಿಲ್, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಕಟ್ಟಡ ವಿನ್ಯಾಸದ ಸಣ್ಣ ಕಚೇರಿ ನಡೆಸುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಹದಿನಾರು ಇಂಚಿನ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ಒಂದನ್ನು ಕೊಂಡೆವು. ಇಂಟೆಲ್‌ನ 12ನೇ ಪೀಳಿಗೆಯ ಎಚ್‌ಎಕ್ಸ್ ಪ್ರೊಸೆಸರ್, 32 ಜಿಬಿ ರ್ಯಾಮ್, ಎನ್ವಿಡಿಯಾ ಆರ್‌ಟಿಎಕ್ಸ್ ಎ2000 ಗ್ರಾಫಿಕ್ಸ್, 95 ವ್ಯಾಟ್-ಅವರ್ ಬ್ಯಾಟರಿ, 230 ವ್ಯಾಟ್ ಅಡಾಪ್ಟರ್ ಅದರಲ್ಲಿವೆ. ಕಂಪನಿಯ ಹೆಸರು ಬರೆಯುವುದಿಲ್ಲ, ಏಕೆಂದರೆ ಬೇರೆ ಕಂಪನಿಯ ಯಂತ್ರ ಇಟ್ಟುಕೊಂಡಿರುವ ಸ್ನೇಹಿತರೂ ಇದೇ ಮಾತು ಹೇಳುತ್ತಿದ್ದಾರೆ.

ಚಳಿಗಾಲ ಮುಗಿಯುವವರೆಗೆ ಯಾವ ದೂರೂ ಇರಲಿಲ್ಲ. ಮಾರ್ಚ್ ದಾಟಿದ ಮೇಲೆ ಕಟ್ಟಡ ವಿನ್ಯಾಸದ ತಂತ್ರಾಂಶವಾದ ರೆವಿಟ್‌ನಲ್ಲಿ ರೆಂಡರ್‌ಗೆ (ಮಾದರಿಯಿಂದ ನೈಜ ಚಿತ್ರ ತಯಾರಿಸಲು) ಹಾಕಿದರೆ ಕೆಲವೇ ನಿಮಿಷಗಳಲ್ಲಿ ಫ್ಯಾನಿನ ಸದ್ದು ಏರುತ್ತದೆ, ಪ್ರೊಸೆಸರ್ 100 ಡಿಗ್ರಿ ಮುಟ್ಟುತ್ತದೆ, ವೇಗ ಕುಸಿಯುತ್ತದೆ. ಡಿಸೆಂಬರ್‌ನಲ್ಲಿ ಇಂಥದೇ ಕೆಲಸವನ್ನು ಮೂರೂವರೆ ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ ಮುಗಿಸುತ್ತಿದ್ದ ಯಂತ್ರ ಈಗ ಎರಡೂವರೆಗೆ ಬಂದು ನಿಲ್ಲುತ್ತದೆ. ಸೈಟಿಗೆ ಒಯ್ದರೆ ಬ್ಯಾಟರಿ ಒಂದೂವರೆ ಗಂಟೆಗೆ ಖಾಲಿಯಾಗುತ್ತದೆ. ಸರ್ವಿಸ್ ಸೆಂಟರ್‌ನವರನ್ನು ಕೇಳಿದರೆ ‘ಇದೆಲ್ಲ ಮಾಮೂಲು’ ಎಂದು ಕೈತೊಳೆದುಕೊಂಡರು. ಇದು ಯಂತ್ರದ ದೋಷವೋ, ನಮ್ಮ ಊರಿನ ಬಿಸಿಲೋ? ಕಚೇರಿಗೆ ಇನ್ನೂ ಎರಡು ಯಂತ್ರ ಕೊಳ್ಳಬೇಕಾಗಿರುವುದರಿಂದ, ಇಟ್ಟುಕೊಂಡು ಬಳಸುತ್ತಿರುವವರ ಅನುಭವ ಬೇಕಾಗಿದೆ.

ಜೋಗಿಮಟ್ಟಿ, ಚಿತ್ರದುರ್ಗ:

ಫ್ಯಾನ್ ಇರುವ ಕೂಲಿಂಗ್ ಪ್ಯಾಡ್ ಒಂದನ್ನು ಕೊಂಡುಕೊಳ್ಳಿ, ಅರ್ಧ ತೊಂದರೆ ಅಲ್ಲಿಗೇ ಪರಿಹಾರವಾಗುತ್ತದೆ. ನಮ್ಮ ಊರುಗಳು ಸಮುದ್ರ ಮಟ್ಟಕ್ಕಿಂತ ಬಹಳ ಎತ್ತರದಲ್ಲಿರುವುದರಿಂದ ಗಾಳಿ ತೆಳುವಾಗಿದ್ದು, ಫ್ಯಾನ್‌ಗಳು ಹೆಚ್ಚು ದುಡಿಯಬೇಕಾಗುತ್ತದೆ ಎಂಬುದೂ ಒಂದು ಕಾರಣ.

ಹರಿಹರ ಮೆಕ್ಯಾನಿಕಲ್:

ಎತ್ತರದ ಮಾತನ್ನು ಒಪ್ಪುವುದಕ್ಕೆ ಆಗುವುದಿಲ್ಲ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ 700ರ ಮೇಲಿದೆ, ಬೆಂಗಳೂರು 900 ಮೀಟರ್ ದಾಟಿದೆ. ಎತ್ತರವೇ ಕಾರಣವಾಗಿದ್ದರೆ ಬೆಂಗಳೂರಿನವರು ನಮಗಿಂತ ಹೆಚ್ಚು ಒದ್ದಾಡಬೇಕಾಗಿತ್ತು. ವ್ಯತ್ಯಾಸ ಇರುವುದು ಬಿಸಿಯಲ್ಲಿ ಮತ್ತು ಧೂಳಿನಲ್ಲಿ.

ಮೂಲ ಪ್ರಶ್ನೆಗೆ ಬರುತ್ತೇನೆ. ಎಚ್‌ಎಕ್ಸ್ ಸಾಲಿನ 12ನೇ ಪೀಳಿಗೆಯ ಪ್ರೊಸೆಸರ್‌ಗಳಿಗೆ ಇಂಟೆಲ್ ಕೊಟ್ಟಿರುವ ಮೂಲ ವ್ಯಾಟೇಜ್ 55, ಟರ್ಬೊದಲ್ಲಿ, ಅಂದರೆ ಮೂಲ ವೇಗ ಮೀರಿ ಓಡುವಾಗ, ಅವು 157 ವ್ಯಾಟ್‌ವರೆಗೆ ಎಳೆಯಬಲ್ಲವು. ರೆಂಡರ್ ಆರಂಭವಾದಾಗ ಚಿಪ್‌ನ ಶಾಖ ಹೊರಗೆ ಒಯ್ಯುವ ತಾಮ್ರದ ಕೊಳವೆಗಳೂ ರೆಕ್ಕೆಗಳೂ ತಣ್ಣಗಿರುತ್ತವೆ, ಹಾಗಾಗಿ ಹುಟ್ಟುವ ಶಾಖವನ್ನು ಅವು ಸ್ವಲ್ಪ ಹೊತ್ತು ಹೀರಿಕೊಳ್ಳುತ್ತವೆ. ಅವು ಕಾದ ಬಳಿಕ ಫ್ಯಾನ್ ಎಷ್ಟನ್ನು ಹೊರಗೆ ಹಾಕುತ್ತದೋ ಅಷ್ಟು ವ್ಯಾಟ್ ಮಾತ್ರ ಪ್ರೊಸೆಸರ್‌ಗೆ ದಕ್ಕುತ್ತದೆ. ಮೊದಲ ಎರಡು ನಿಮಿಷದ ವೇಗ ಜಾಹೀರಾತಿಗೆ ಸಲ್ಲುತ್ತದೆ, ಅರ್ಧ ಗಂಟೆಯ ನಂತರದ ವೇಗ ನಮ್ಮ ದುಡಿಮೆಗೆ ಸಲ್ಲುತ್ತದೆ.

ಈಗ ಬಿಸಿಲಿನ ಪಾಲೆಷ್ಟು ಎಂಬುದನ್ನು ಕೂಡಿ ಕಳೆದು ನೋಡೋಣ. ಪ್ರೊಸೆಸರ್‌ನ ಮಿತಿ 100 ಡಿಗ್ರಿ. ಕೋಣೆ 25 ಡಿಗ್ರಿ ಇದ್ದರೆ ಎರಡರ ನಡುವಿನ ಅಂತರ 75 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಎ.ಸಿ. ಇಲ್ಲದ ಕೋಣೆ 38 ಡಿಗ್ರಿ ಮುಟ್ಟಿದರೆ ಅಂತರ 62ಕ್ಕೆ ಇಳಿಯುತ್ತದೆ. ಹೊರಹೋಗುವ ಶಾಖ ಈ ಅಂತರಕ್ಕೆ ಅನುಗುಣವಾಗಿರುವುದರಿಂದ, ಯಂತ್ರದಲ್ಲಿ ಏನೂ ಕೆಡದಿದ್ದರೂ ಅದು ತಾಳಿಕೊಳ್ಳಬಲ್ಲ ವ್ಯಾಟ್ ಸುಮಾರು ಶೇ. 17ರಷ್ಟು ತಗ್ಗುತ್ತದೆ. ಸರ್ವಿಸ್ ಸೆಂಟರ್‌ನವರು ಮಾಮೂಲು ಎಂದದ್ದರಲ್ಲಿ ಇಷ್ಟು ನಿಜವಿದೆ. ಆದರೆ ವೇಗ ಇಳಿಸಿದಾಗ ವೋಲ್ಟೇಜ್ ಕೂಡ ಇಳಿಯುವುದರಿಂದ, ವ್ಯಾಟ್ ಇಳಿದಷ್ಟು ಪ್ರಮಾಣದಲ್ಲಿ ಗಿಗಾಹರ್ಟ್ಸ್ ಇಳಿಯುವುದಿಲ್ಲ. ಮೂರೂವರೆಯಿಂದ ಎರಡೂವರೆಗೆ ಬಿದ್ದಿದೆ ಎಂದರೆ ಬಿಸಿಲಿನ ಜೊತೆಗೆ ಇನ್ನೇನೋ ಸೇರಿಕೊಂಡಿದೆ. ಧೂಳು ಅಥವಾ ಒಣಗಿದ ಥರ್ಮಲ್ ಪೇಸ್ಟ್ (ಚಿಪ್‌ನ ಶಾಖವನ್ನು ತಾಮ್ರಕ್ಕೆ ದಾಟಿಸುವ ಲೇಪ), ಎರಡರಲ್ಲಿ ಒಂದು.

ಪಿ.ಬಿ. ರಸ್ತೆ ರಿಪೇರಿ, ದಾವಣಗೆರೆ:

ಹರಿಹರದ ಸರ್ ಹೇಳಿದ್ದು ಸರಿಯಾಗಿದೆ. ನಮ್ಮ ಬೆಂಚಿಗೆ ಬೇಸಿಗೆಯಲ್ಲಿ ಬರುವ ದೊಡ್ಡ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲಿಗೆ ಇರುವುದು ಇದೇ ತೊಂದರೆ. ತಳದ ಮುಚ್ಚಳ ತೆಗೆದ ಕೂಡಲೇ ಎಲ್ಲವೂ ಸ್ವಚ್ಛವಾಗಿರುವಂತೆ ಕಾಣುತ್ತದೆ, ಏಕೆಂದರೆ ಧೂಳು ಕುಳಿತಿರುವುದು ಫ್ಯಾನಿನ ಒಳಬದಿಯಲ್ಲಿ, ಗಾಳಿ ತಾಮ್ರದ ರೆಕ್ಕೆಗಳನ್ನು ಹೊಗುವ ಬಾಯಿಯಲ್ಲಿ. ಫ್ಯಾನನ್ನೂ ಬಿಚ್ಚಿದರೆ ಅಲ್ಲಿ ಬೂದು ಬಣ್ಣದ ಪದರವೊಂದು ಅಡ್ಡಗಟ್ಟಿರುತ್ತದೆ. ಮುಟ್ಟಿದರೆ ಕಂಬಳಿಯ ಚೂರಿನಂತೆ ಮೆತ್ತಗಿರುತ್ತದೆ. ಚಿಮಟದಲ್ಲಿ ಒಂದು ತುದಿ ಹಿಡಿದು ನಿಧಾನವಾಗಿ ಎಳೆದರೆ ಇಡೀ ಪದರ ಒಂದೇ ತುಂಡಾಗಿ ಹೊರಬರುತ್ತದೆ, ಅದರ ಮೈಮೇಲೆ ರೆಕ್ಕೆಗಳ ಗೆರೆಗಳು ಸಾಲಾಗಿ ಅಚ್ಚೊತ್ತಿರುತ್ತವೆ. ಹತ್ತಿಯ ಎಳೆ, ಕೂದಲು, ರಸ್ತೆಯ ಮಣ್ಣು ಎಲ್ಲವೂ ಅದರಲ್ಲಿರುತ್ತವೆ. ಮಂಡಕ್ಕಿ ಭಟ್ಟಿಗಳ ಹತ್ತಿರದಿಂದ ಬರುವ ಯಂತ್ರಗಳಲ್ಲಿ ಹೊಗೆಯ ಜಿಡ್ಡು ಸೇರಿ ಪದರ ಕಪ್ಪಾಗಿ ಅಂಟಿಕೊಂಡಿರುತ್ತದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಮಂಡಿಗಳಿಂದ ಬರುವವುಗಳಲ್ಲಿ ಹೊಟ್ಟು ಇರುತ್ತದೆ.

ಒಂದು ಮಾತನ್ನು ಎಲ್ಲರೂ ದಯವಿಟ್ಟು ಗಮನಿಸಬೇಕು. ಹೊರಗಿನ ಕಿಂಡಿಯಿಂದ ಬ್ಲೋವರ್ ಹಿಡಿದು ಊದಿದರೆ ಈ ಪದರ ಹೊರಗೆ ಬರುವುದಿಲ್ಲ, ಫ್ಯಾನಿನ ಒಳಕ್ಕೇ ಹಿಂತಿರುಗಿ ಕುಳಿತುಕೊಳ್ಳುತ್ತದೆ. ಊದುವಾಗ ಫ್ಯಾನಿನ ರೆಕ್ಕೆಯನ್ನು ಹಿಡಿದುಕೊಳ್ಳದಿದ್ದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ. ಆರಂಭದಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದ ಫ್ಯಾನ್, ಊದಿಸಿಕೊಂಡು ಬಂದ ಮೇಲೆ ಗರಗರ ಎನ್ನತೊಡಗಿತು ಎಂದು ಬರುವವರು ಬಹಳ ಜನ.

ಅಂತಿಮ ವರ್ಷದ ಬಿ.ಇ.:

ತಳ ಬಿಚ್ಚಿದರೆ ವಾರಂಟಿ ಹೋಗುವುದಿಲ್ಲವೇ ಅಣ್ಣ? ನಮ್ಮ ಕಾಲೇಜಿನಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ.

ಪಿ.ಬಿ. ರಸ್ತೆ ರಿಪೇರಿ, ದಾವಣಗೆರೆ:

ವರ್ಕ್‌ಸ್ಟೇಷನ್ ಸಾಲಿನ ಯಂತ್ರಗಳಿಗೆ ಡೆಲ್, ಎಚ್‌ಪಿ, ಲೆನೊವೊ ಮೂರೂ ಕಂಪನಿಗಳು ಬಿಚ್ಚುವ ವಿಧಾನದ ಕೈಪಿಡಿಯನ್ನು ತಮ್ಮ ಜಾಲತಾಣದಲ್ಲಿ ಬಹಿರಂಗವಾಗಿ ಇಟ್ಟಿವೆ. ಯಾವ ಸ್ಕ್ರೂ ಎಲ್ಲಿದೆ, ಯಾವುದನ್ನು ಮೊದಲು ಕಳಚಬೇಕು ಎಂಬುದೂ ಅದರಲ್ಲಿದೆ. ಆದರೂ ವಾರಂಟಿ ಇರುವ ಯಂತ್ರವಾದರೆ ಮೊದಲು ಕಂಪನಿಯ ತಂತ್ರಜ್ಞರಿಗೇ ದೂರು ಕೊಡಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬಾಯಿಮಾತಿನ ‘ಮಾಮೂಲು’ ಎಂಬ ಉತ್ತರಕ್ಕೆ ಒಪ್ಪಿಕೊಳ್ಳಬೇಡಿ, ಪರೀಕ್ಷೆ ಮಾಡಿ ಬರೆದು ಕೊಡಿ ಎಂದು ಕೇಳಿ. ಬಿಚ್ಚುವ ಮೊದಲು ಬ್ಯಾಟರಿಯ ಕನೆಕ್ಟರ್ ಕಳಚುವುದನ್ನು ಮರೆಯಬಾರದು.

ವಾಸ್ತುರೇಖೆ, ದಾವಣಗೆರೆ:

ನಾನು ವಾಸ್ತುಶಿಲ್ಪಿ. ಪ್ರೊಸೆಸರ್‌ನ ‘ಗರಿಷ್ಠ ಸ್ಥಿತಿ’ಯನ್ನು ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಶೇ. 99ಕ್ಕೆ ಇಳಿಸಿದರೆ ಟರ್ಬೊ ನಿಂತುಹೋಗುತ್ತದೆ, ಯಂತ್ರ ತಣ್ಣಗಾಗುತ್ತದೆ, ಫ್ಯಾನಿನ ಗಲಾಟೆಯೂ ಇರುವುದಿಲ್ಲ. ನಮ್ಮ ಕಚೇರಿಯಲ್ಲಿ ಬೇಸಿಗೆಯಿಡೀ ಹೀಗೆಯೇ ನಡೆಸುತ್ತೇವೆ.

ಹರಿಹರ ಮೆಕ್ಯಾನಿಕಲ್:

ಮೇಡಂ, ಈ ಉಪಾಯವನ್ನು ಎಲ್ಲರಿಗೂ ಹೇಳುವುದು ಸರಿಯಲ್ಲ. ಟರ್ಬೊ ನಿಂತರೆ ಪ್ರೊಸೆಸರ್ ತನ್ನ ಮೂಲ ವೇಗಕ್ಕೆ ಇಳಿಯುತ್ತದೆ, ಎಚ್‌ಎಕ್ಸ್ ಸಾಲಿನಲ್ಲಿ ಅದು ಎರಡು ಗಿಗಾಹರ್ಟ್ಸ್‌ಗಿಂತ ಸ್ವಲ್ಪ ಹೆಚ್ಚು ಇರುತ್ತದೆ, ಅಷ್ಟೇ. ರೆವಿಟ್, ಆಟೋಕ್ಯಾಡ್, ಸಾಲಿಡ್‌ವರ್ಕ್ಸ್ ಇವುಗಳಲ್ಲಿ ಮಾದರಿಯನ್ನು ತಿದ್ದುವ, ತಿರುಗಿಸುವ, ಮರುಲೆಕ್ಕ ಮಾಡುವ ಕೆಲಸ ಬಹುತೇಕ ಒಂದೇ ಕೋರ್ ಮೇಲೆ ನಡೆಯುತ್ತದೆ. ಆ ಒಂದು ಕೋರ್ ನಾಲ್ಕೂವರೆ ಗಿಗಾಹರ್ಟ್ಸ್‌ನಲ್ಲಿ ಓಡಿದರೂ ಹೆಚ್ಚು ಶಾಖ ಹುಟ್ಟುವುದಿಲ್ಲ. ಶೇ. 99ರ ಮಿತಿ ಹಾಕಿದರೆ ಬಿಸಿಯೇ ಮಾಡದ ಕೆಲಸವನ್ನೂ ಅರ್ಧ ವೇಗಕ್ಕೆ ಇಳಿಸಿದಂತಾಗುತ್ತದೆ. ನಮ್ಮಲ್ಲಿ ಡೈ ವಿನ್ಯಾಸ ಮಾಡುವ ಹುಡುಗರು ದಿನವಿಡೀ ಒಂದೊಂದು ಕ್ಲಿಕ್‌ಗೂ ಕಾಯುತ್ತ ಕುಳಿತಿರುವುದನ್ನು ನೋಡಿ, ಆ ಮಿತಿಯನ್ನು ತೆಗೆಸಿದ್ದೇನೆ.

ಇದರ ಬದಲು ದೀರ್ಘಾವಧಿಯ ವ್ಯಾಟ್ ಮಿತಿಯನ್ನು ಇಳಿಸಿ. ಥ್ರಾಟಲ್‌ಸ್ಟಾಪ್ ತಂತ್ರಾಂಶದಲ್ಲಿ ಪಿಎಲ್1 ಎಂಬ ಅಂಕಿ ಇರುತ್ತದೆ, ಅದನ್ನು ನಿಮ್ಮ ಯಂತ್ರ ಬೇಸಿಗೆಯಲ್ಲಿ ತಾಳಿಕೊಳ್ಳುವ ಮಟ್ಟಕ್ಕೆ ತಂದರೆ ಒಂಟಿ ಕೋರ್‌ನ ವೇಗ ಹಾಗೆಯೇ ಉಳಿಯುತ್ತದೆ, ರೆಂಡರ್ ಮಾತ್ರ ಏರಿಳಿತವಿಲ್ಲದೆ ಒಂದೇ ಹದದಲ್ಲಿ ನಡೆಯುತ್ತದೆ.

ವಾಸ್ತುರೇಖೆ, ದಾವಣಗೆರೆ:

ನಿಮ್ಮ ವಾದ ಮಾದರಿ ತಿದ್ದುವ ಕೆಲಸಕ್ಕೆ ಸರಿ. ಆದರೆ ನಮ್ಮ ಕಚೇರಿಯಲ್ಲಿ ಹೆಚ್ಚಿನ ಹೊತ್ತು ನಡೆಯುವುದು ಗ್ರಾಫಿಕ್ಸ್ ಚಿಪ್ ಮೇಲಿನ ರೆಂಡರ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಒಂದೇ ತಾಮ್ರದ ಕೊಳವೆಗಳನ್ನು ಹಂಚಿಕೊಳ್ಳುವ ಯಂತ್ರದಲ್ಲಿ ಪ್ರೊಸೆಸರ್ ತಣ್ಣಗಿದ್ದಷ್ಟೂ ಗ್ರಾಫಿಕ್ಸ್‌ಗೆ ಅನುಕೂಲ. ಪಿಎಲ್1 ವಿಧಾನವನ್ನು ಪ್ರಯತ್ನಿಸಿ ನೋಡುತ್ತೇನೆ, ಆದರೆ ನಮ್ಮ ಕೆಲಸಕ್ಕೆ ಶೇ. 99ರ ಮಿತಿ ನಷ್ಟ ತಂದಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ.

ಲಿನಕ್ಸ್ ಬಳಗ:

ಅಂಡರ್‌ವೋಲ್ಟ್ ಮಾಡಬಹುದಲ್ಲ, ಅಂದರೆ ಪ್ರೊಸೆಸರ್‌ಗೆ ಕೊಡುವ ವೋಲ್ಟೇಜ್ ಇಳಿಸಬಹುದಲ್ಲ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. 2019ರ ಡಿಸೆಂಬರ್‌ನಲ್ಲಿ ‘ಪ್ಲಂಡರ್‌ವೋಲ್ಟ್’ ಎಂಬ ಭದ್ರತಾ ಲೋಪ ಬಹಿರಂಗವಾದ ಬಳಿಕ ಬಹಳಷ್ಟು ಕಂಪನಿಗಳು ಬಯೋಸ್‌ನಲ್ಲೇ (ಯಂತ್ರ ಶುರುವಾಗುವಾಗ ಮೊದಲು ಓಡುವ ಮೂಲ ತಂತ್ರಾಂಶದಲ್ಲೇ) ಅದಕ್ಕೆ ಬೀಗ ಹಾಕಿವೆ. ನಿಮ್ಮ ಬಯೋಸ್‌ನಲ್ಲಿ ಆಯ್ಕೆ ಇದ್ದರೆ ಮಾತ್ರ ಅದರ ವಿಚಾರ ಮಾಡಿ.

ಕೋಟೆಬುರುಜು, ಚಿತ್ರದುರ್ಗ:

ಡ್ರೋನ್ ಸರ್ವೆ ಮಾಡುವವನು ನಾನು. ಹೊಳಲ್ಕೆರೆ, ಹೊಸದುರ್ಗದ ಕಡೆ ಗಣಿ ಮತ್ತು ಗಾಳಿಯಂತ್ರದ ಸೈಟುಗಳಲ್ಲಿ ಚಿತ್ರ ತೆಗೆದು, ಚಿತ್ರಗಳನ್ನು ಜೋಡಿಸಿ ನಕ್ಷೆ ಕಟ್ಟುವ ಮೆಟಾಶೇಪ್ ತಂತ್ರಾಂಶದಲ್ಲಿ ಸಂಸ್ಕರಿಸುತ್ತೇನೆ. ಈ ಕೆಲಸ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡನ್ನೂ ಗಂಟೆಗಟ್ಟಲೆ ದುಡಿಸುತ್ತದೆ, ಆದ್ದರಿಂದ ಬಿಸಿಯ ವಿಚಾರ ನನಗೆ ಹೊಟ್ಟೆಪಾಡಿನ ವಿಚಾರ.

ಮೊದಲನೆಯ ಮಾತು ಬ್ಯಾಟರಿಯ ಬಗ್ಗೆ. 95 ವ್ಯಾಟ್-ಅವರ್ ಬ್ಯಾಟರಿ ಒಂದೂವರೆ ಗಂಟೆಯಲ್ಲಿ ಮುಗಿದಿದೆ ಎಂದರೆ ಯಂತ್ರ ಸರಾಸರಿ 63 ವ್ಯಾಟ್ ಎಳೆದಿದೆ. ರೆವಿಟ್ ತೆರೆದಿಟ್ಟು, ಗ್ರಾಫಿಕ್ಸ್ ಚಿಪ್ ಎಚ್ಚರವಾಗಿದ್ದು, ಬಿಸಿಲಿಗಾಗಿ ಪರದೆಯ ಬೆಳಕನ್ನು ಪೂರ್ತಿ ಏರಿಸಿದ್ದರೆ ಇಷ್ಟು ಖರ್ಚು ಸಹಜವೇ. ಪೆಟ್ಟಿಗೆಯ ಮೇಲೆ ಬರೆದ ಗಂಟೆಗಳು ಹತ್ತು ವ್ಯಾಟ್‌ನ ಆಸುಪಾಸಿನ ಹಗುರ ಕೆಲಸದ ಲೆಕ್ಕ. ಇನ್ನೂ ದೊಡ್ಡ ಬ್ಯಾಟರಿ ಏಕೆ ಕೊಡುವುದಿಲ್ಲ ಎಂದರೆ, ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್. ಯಾವ ಕಂಪನಿಯೂ ಅದನ್ನು ದಾಟುವ ಧೈರ್ಯ ಮಾಡುವುದಿಲ್ಲ. ಅಂದರೆ ಬ್ಯಾಟರಿಯನ್ನು ಹಿಗ್ಗಿಸಲು ಬರುವುದಿಲ್ಲ, ಖರ್ಚನ್ನು ಕುಗ್ಗಿಸುವ ದಾರಿ ಮಾತ್ರ ನಮಗಿದೆ.

ಸೈಟಿನಲ್ಲಿ ನಾನು ರೆಂಡರ್, ಸಂಸ್ಕರಣೆ ಯಾವುದನ್ನೂ ಬ್ಯಾಟರಿಯ ಮೇಲೆ ಮಾಡುವುದಿಲ್ಲ. ಮಾಡಿದರೂ ಪ್ರಯೋಜನವಿಲ್ಲ, ಏಕೆಂದರೆ ಬ್ಯಾಟರಿ ಒಂದೇ ಹೊತ್ತಿಗೆ ಕೊಡಬಲ್ಲ ವಿದ್ಯುತ್ತು ಅಡಾಪ್ಟರ್ ಕೊಡುವುದಕ್ಕಿಂತ ಬಹಳ ಕಡಿಮೆ, ಯಂತ್ರ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಅಲ್ಲಿ ಚಿತ್ರಗಳು ಸರಿಯಾಗಿ ಬಂದಿವೆಯೇ ಎಂದು ನೋಡುವುದು, ನಕ್ಷೆ ತೆರೆದು ಬಿಂದುಗಳನ್ನು ಹೊಂದಿಸುವುದು, ಇಷ್ಟೇ. ಗ್ರಾಫಿಕ್ಸ್ ಚಿಪ್ ಮಲಗಿದ್ದರೆ ಅದೇ ಬ್ಯಾಟರಿ ನಾಲ್ಕೈದು ಗಂಟೆ ಬರುತ್ತದೆ.

ವಿದ್ಯಾನಗರ ಸಿವಿಲ್, ದಾವಣಗೆರೆ:

ಗ್ರಾಫಿಕ್ಸ್ ಚಿಪ್ ಮಲಗಿದೆಯೋ ಎದ್ದಿದೆಯೋ ಎಂದು ತಿಳಿಯುವುದು ಹೇಗೆ? ಮಾಲೀಕರಿಗೆ ತೋರಿಸಲು ಸೈಟಿನ ಶೆಡ್ಡಿನಲ್ಲಿ ಹೊರಗಿನ ಮಾನಿಟರ್ ಕೂಡ ಜೋಡಿಸುತ್ತೇವೆ.

ಲಿನಕ್ಸ್ ಬಳಗ:

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಅನೇಕ ವರ್ಕ್‌ಸ್ಟೇಷನ್‌ಗಳಲ್ಲಿ ಎಚ್‌ಡಿಎಂಐ ಕಿಂಡಿಯನ್ನು ನೇರವಾಗಿ ಎನ್ವಿಡಿಯಾ ಚಿಪ್‌ಗೆ ಜೋಡಿಸಿರುತ್ತಾರೆ. ಮಾನಿಟರ್ ಚುಚ್ಚಿದ ಗಳಿಗೆಯಿಂದ ಆ ಚಿಪ್ ನಿದ್ದೆ ಮಾಡುವುದಿಲ್ಲ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಚಿಪ್‌ನ ಚಟುವಟಿಕೆ ತೋರಿಸುವ ಐಕಾನ್ ಆಯ್ಕೆ ಇದೆ, ಅದನ್ನು ಹಾಕಿಕೊಂಡರೆ ಯಾವ ತಂತ್ರಾಂಶ ಚಿಪ್ಪನ್ನು ಎಬ್ಬಿಸುತ್ತಿದೆ ಎಂಬುದು ಹೆಸರಿನ ಸಮೇತ ಕಾಣುತ್ತದೆ.

ಇನ್ನೊಂದು ಸಂಗತಿ. ಈಚಿನ ವಿಂಡೋಸ್ ಯಂತ್ರಗಳಲ್ಲಿ ಮುಚ್ಚಳ ಮುಚ್ಚಿದರೆ ಹಳೆಯ ರೀತಿಯ ನಿದ್ದೆ ಬರುವುದಿಲ್ಲ. ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಸ್ಥಿತಿಯಲ್ಲಿ ಯಂತ್ರ ಅರೆ ಎಚ್ಚರದಲ್ಲಿರುತ್ತದೆ, ಕೆಲವೊಮ್ಮೆ ಬ್ಯಾಗಿನೊಳಗೇ ಎದ್ದು ಕುದಿಯತೊಡಗುತ್ತದೆ. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿ ಹೊರಟು, ಸೈಟಿನಲ್ಲಿ ತೆರೆದಾಗ ಅರ್ಧವೇ ಉಳಿದಿದ್ದರೆ ಕಾರಣ ಇದೇ. ಮುಚ್ಚಳ ಮುಚ್ಚಿದಾಗ ಹೈಬರ್ನೇಟ್ ಆಗುವಂತೆ (ತೆರೆದ ಕೆಲಸವನ್ನು ಡಿಸ್ಕ್‌ಗೆ ಉಳಿಸಿ ಯಂತ್ರ ಪೂರ್ತಿ ಆರುವಂತೆ) ಬದಲಾಯಿಸಿಕೊಳ್ಳಿ.

ಚಳ್ಳಕೆರೆ ಬಯಲು:

ಬ್ಯಾಗಿನೊಳಗೆ ಕುದಿಯುವುದು ನನ್ನ ಯಂತ್ರದಲ್ಲೂ ಆಗಿದೆ. ಸಮಸ್ಯೆ ನನ್ನೊಬ್ಬನದೇ ಎಂದುಕೊಂಡಿದ್ದೆ. ಇನ್ನೊಂದು ಅನುಮಾನವಿದೆ: ಮಧ್ಯಾಹ್ನ ಕಾರಿನಲ್ಲಿಟ್ಟು ಊಟಕ್ಕೆ ಹೋಗಿ ಬಂದ ಮೇಲೆ ಚಾರ್ಜರ್ ಚುಚ್ಚಿದರೆ ಬಹಳ ಹೊತ್ತು ಚಾರ್ಜ್ ಆಗುವುದೇ ಇಲ್ಲ. ಸಂಜೆಗೆ ತಾನಾಗಿ ಸರಿಹೋಗುತ್ತದೆ. ಏಕೆ ಹೀಗೆ?

ಕೋಟೆಬುರುಜು, ಚಿತ್ರದುರ್ಗ:

ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಲು ಅದರೊಳಗಿನ ನಿಯಂತ್ರಕವೇ ಬಿಡುವುದಿಲ್ಲ. ಗಾಜು ಏರಿಸಿ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಆ ಮಟ್ಟ ದಾಟುವುದು ಚಳ್ಳಕೆರೆಯಲ್ಲಿ ದೊಡ್ಡ ಮಾತೇನಲ್ಲ. ನಿಮ್ಮ ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಆದರೆ ಪ್ರತಿದಿನ ಹೀಗೆ ಕಾಯಿಸಿದರೆ ಬ್ಯಾಟರಿಯ ಆಯುಷ್ಯ ಕ್ಷೀಣಿಸುತ್ತದೆ, ಅದರಲ್ಲೂ ಪೂರ್ತಿ ತುಂಬಿದ ಬ್ಯಾಟರಿ ಬಿಸಿಯಲ್ಲಿ ಕುಳಿತರೆ ಹಾನಿ ಹೆಚ್ಚು. ಊಟಕ್ಕೆ ಹೋಗುವಾಗ ಯಂತ್ರವನ್ನೂ ಜೊತೆಗೆ ಒಯ್ಯಿರಿ.

ವಾಸ್ತುರೇಖೆ, ದಾವಣಗೆರೆ:

ಕಚೇರಿಯಲ್ಲಿ ಸದಾ ಚಾರ್ಜರ್‌ಗೆ ಸಿಕ್ಕಿಸಿಯೇ ಬಳಸುವವರು ಚಾರ್ಜ್ ಮಿತಿಯನ್ನು ಶೇ. 80ಕ್ಕೆ ಹಾಕಿಕೊಳ್ಳಬೇಕು. ಈ ಸೌಲಭ್ಯ ಈಗಿನ ಹೆಚ್ಚುಕಡಿಮೆ ಎಲ್ಲ ವರ್ಕ್‌ಸ್ಟೇಷನ್‌ಗಳ ಬಯೋಸ್‌ನಲ್ಲಿ ಅಥವಾ ಕಂಪನಿಯ ತಂತ್ರಾಂಶದಲ್ಲಿ ಇರುತ್ತದೆ. ಲಿನಕ್ಸ್‌ನವರಿಗೆ ಇದಕ್ಕಾಗಿ ಟಿಎಲ್‌ಪಿ ಎಂಬ ತಂತ್ರಾಂಶ ಇದೆ. ಸೈಟಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ ನೂರಕ್ಕೆ ಏರಿಸಿಕೊಂಡರೆ ಸಾಕು. ಬ್ಯಾಟರಿ ಎಷ್ಟು ಸವೆದಿದೆ ಎಂದು ತಿಳಿಯಲು ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು, ಮೂಲ ಸಾಮರ್ಥ್ಯ ಮತ್ತು ಈಗಿನ ಪೂರ್ಣ ಚಾರ್ಜ್ ಎರಡನ್ನೂ ಹೋಲಿಸಿ ನೋಡಿ.

ಜೋಗಿಮಟ್ಟಿ, ಚಿತ್ರದುರ್ಗ:

ಕಾರಿನಲ್ಲಿ ಇನ್ವರ್ಟರ್ ಇಟ್ಟುಕೊಂಡರೆ ಇಷ್ಟೆಲ್ಲ ತಾಪತ್ರಯವೇ ಇರುವುದಿಲ್ಲವಲ್ಲ?

ಹರಿಹರ ಮೆಕ್ಯಾನಿಕಲ್:

ಕಾರಿನ ಸಿಗರೇಟ್ ಲೈಟರ್ ಕಿಂಡಿಯ ಫ್ಯೂಸ್ ಸಾಮಾನ್ಯವಾಗಿ 10ರಿಂದ 15 ಆಂಪಿಯರ್ ಇರುತ್ತದೆ. 12 ವೋಲ್ಟ್‌ಗೆ ಅದು 120ರಿಂದ 180 ವ್ಯಾಟ್ ಆಗುತ್ತದೆ, ಇನ್ವರ್ಟರ್‌ನಲ್ಲಿ ಆಗುವ ನಷ್ಟವನ್ನೂ ಕಳೆಯಬೇಕು. 230 ವ್ಯಾಟ್ ಅಡಾಪ್ಟರ್ ಪೂರ್ತಿ ಎಳೆದರೆ ಫ್ಯೂಸ್ ಹಾರುತ್ತದೆ. ಇದರ ಬದಲು ಟೈಪ್-ಸಿ ಮೂಲಕ 100 ವ್ಯಾಟ್ ಕೊಡುವ ಕಾರ್ ಚಾರ್ಜರ್ ಕೊಳ್ಳುವುದು ಮೇಲು. ಯಂತ್ರ ನಿಧಾನವಾಗಿ ನಡೆದರೂ ಬ್ಯಾಟರಿ ಖಾಲಿಯಾಗುವುದಿಲ್ಲ. ನಿಮ್ಮ ಯಂತ್ರ ಟೈಪ್-ಸಿ ಚಾರ್ಜಿಂಗ್ ಒಪ್ಪುತ್ತದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ.

ಪಿ.ಬಿ. ರಸ್ತೆ ರಿಪೇರಿ, ದಾವಣಗೆರೆ:

ಅಡಾಪ್ಟರ್ ಮಾತು ಬಂದಿದ್ದರಿಂದ ಇದನ್ನೂ ಸೇರಿಸುತ್ತೇನೆ. ದುಂಡನೆಯ ಪಿನ್ ಇರುವ ಕೆಲವು ಅಡಾಪ್ಟರ್‌ಗಳ ನಡುವೆ ಸೂಜಿಯಂಥ ತಂತಿ ಇರುತ್ತದೆ. ಅಡಾಪ್ಟರ್ ಎಷ್ಟು ವ್ಯಾಟ್‌ನದು ಎಂದು ಯಂತ್ರಕ್ಕೆ ತಿಳಿಸುವುದೇ ಅದರ ಕೆಲಸ. ಆ ಸೂಜಿ ಬಾಗಿದರೆ ಅಥವಾ ನಕಲಿ ಅಡಾಪ್ಟರ್ ಹಾಕಿದರೆ ಯಂತ್ರಕ್ಕೆ ಗುರುತು ಸಿಗುವುದಿಲ್ಲ. ಆಗ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಪ್ರೊಸೆಸರ್ ಒಂದು ಗಿಗಾಹರ್ಟ್ಸ್‌ಗೂ ಕೆಳಗೆ ಬಿದ್ದು ಅಲ್ಲಿಯೇ ಉಳಿಯುತ್ತದೆ. ಇದನ್ನು ಬಿಸಿಯ ತೊಂದರೆ ಎಂದು ತಿಳಿದು ಪೇಸ್ಟ್ ಬದಲಿಸಿಕೊಂಡು ಬಂದವರನ್ನು ನೋಡಿದ್ದೇನೆ. ಯಂತ್ರ ತಣ್ಣಗಿದ್ದರೂ ವೇಗ ತೀರ ಕಡಿಮೆ ಇದ್ದರೆ ಮೊದಲು ಅಡಾಪ್ಟರ್ ನೋಡಿ.

ವಿದ್ಯಾನಗರ ಸಿವಿಲ್, ದಾವಣಗೆರೆ:

ಎಲ್ಲರಿಗೂ ಕೃತಜ್ಞತೆಗಳು. ದೂರು ದಾಖಲಿಸಿ ಒತ್ತಾಯ ಮಾಡಿದ ಮೇಲೆ ಕಂಪನಿಯ ತಂತ್ರಜ್ಞರು ಕಚೇರಿಗೇ ಬಂದು ಬಿಚ್ಚಿ ನೋಡಿದರು. ಎಡಗಡೆಯ ಫ್ಯಾನಿನ ಬಾಯಿ ಮುಕ್ಕಾಲು ಪಾಲು ಮುಚ್ಚಿಹೋಗಿತ್ತು. ಪದರ ತೆಗೆದು ಪೇಸ್ಟ್ ಬದಲಿಸಿದ ಬಳಿಕ, ಮಧ್ಯಾಹ್ನದ ಹೊತ್ತಿನಲ್ಲಿಯೂ ರೆಂಡರ್ ಮೂರು ಗಿಗಾಹರ್ಟ್ಸ್‌ಗಿಂತ ಸ್ವಲ್ಪ ಮೇಲೆಯೇ ನಿಲ್ಲುತ್ತಿದೆ. ಯಂತ್ರದ ಹಿಂಬದಿಯನ್ನು ಮರದ ಪಟ್ಟಿಯ ಮೇಲೆ ಎರಡು ಇಂಚು ಎತ್ತಿ ಇಟ್ಟಿದ್ದೇವೆ. ಫ್ಯಾನ್ ಇರುವ ಕೂಲಿಂಗ್ ಪ್ಯಾಡನ್ನೂ ಸ್ನೇಹಿತರಿಂದ ತಂದು ಇಟ್ಟು ನೋಡಿದೆವು, ಬರಿಯ ಪಟ್ಟಿಗಿಂತ ಹೇಳಿಕೊಳ್ಳುವಷ್ಟು ವ್ಯತ್ಯಾಸ ಕಾಣಲಿಲ್ಲ.

ಪೇಸ್ಟ್ ಮತ್ತೆ ಎಷ್ಟು ಬೇಗ ಒಣಗುತ್ತದೆ ಎಂಬುದು ಈಗಿನ ಚಿಂತೆ.

ಪಿ.ಬಿ. ರಸ್ತೆ ರಿಪೇರಿ, ದಾವಣಗೆರೆ:

ಒಣಗುವುದಕ್ಕಿಂತ ಹೆಚ್ಚಾಗಿ ಪೇಸ್ಟ್ ಅಂಚಿಗೆ ಸರಿದುಹೋಗುತ್ತದೆ. ಚಿಪ್ ಕಾದಾಗ ಹಿಗ್ಗಿ ಆರಿದಾಗ ಕುಗ್ಗುವುದರಿಂದ, ನಡುವಿನ ಪೇಸ್ಟ್ ಸ್ವಲ್ಪ ಸ್ವಲ್ಪವೇ ಹೊರಕ್ಕೆ ತಳ್ಳಲ್ಪಡುತ್ತದೆ. ಎಚ್‌ಎಕ್ಸ್‌ನಂಥ ಬಿಸಿ ಚಿಪ್‌ಗಳಿಗೆ ಹನಿವೆಲ್ ಕಂಪನಿಯ ಪಿಟಿಎಂ7950 ಎಂಬ ಹಾಳೆ ಒಳ್ಳೆಯದು. ಸುಮಾರು 45 ಡಿಗ್ರಿಯಲ್ಲಿ ಅದು ಮೆತ್ತಗಾಗಿ ಸಂದಿಗಳನ್ನು ತುಂಬಿಕೊಳ್ಳುತ್ತದೆ, ಪೇಸ್ಟ್‌ನಂತೆ ಸರಿದುಹೋಗುವುದಿಲ್ಲ. ನಕಲಿ ಹಾಳೆಗಳು ಬಹಳ ಓಡಾಡುತ್ತಿರುವುದರಿಂದ ನಂಬಿಕಸ್ತರ ಬಳಿಯೇ ಕೊಳ್ಳಿ. ಧೂಳನ್ನು ಮಾತ್ರ ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ, ಫೆಬ್ರವರಿಯಲ್ಲಿ ತೆಗೆಸಲೇಬೇಕು.

ಅಂತಿಮ ವರ್ಷದ ಬಿ.ಇ.:

ಇಷ್ಟೆಲ್ಲ ಕಷ್ಟಪಡುವ ಬದಲು ಮ್ಯಾಕ್‌ಬುಕ್ ಪ್ರೊ ಕೊಳ್ಳಬಹುದಲ್ಲವೇ? ಬ್ಯಾಟರಿಯಲ್ಲೂ ಅದರ ವೇಗ ಇಳಿಯುವುದಿಲ್ಲ ಎಂದು ಓದಿದ್ದೇನೆ.

ವಾಸ್ತುರೇಖೆ, ದಾವಣಗೆರೆ:

ಓದಿದ್ದು ನಿಜ, ಆದರೆ ರೆವಿಟ್, ಸಿವಿಲ್ 3ಡಿ, ಸ್ಟ್ಯಾಡ್ ಪ್ರೊ, ಇಟ್ಯಾಬ್ಸ್ ಯಾವುದೂ ಮ್ಯಾಕ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಆಟೋಕ್ಯಾಡ್ ಒಂದೇ ಇದ್ದರೆ ಸಾಕು ಎನ್ನುವವರಿಗೆ ಅದು ಆಗಬಹುದು. ನೀವು ಸಿವಿಲ್ ವಿದ್ಯಾರ್ಥಿಯಾಗಿದ್ದರೆ ಆ ಯೋಚನೆ ಬಿಡಿ ತಮ್ಮ.

ಜೋಗಿಮಟ್ಟಿ, ಚಿತ್ರದುರ್ಗ:

ನನ್ನ ಅಭಿಪ್ರಾಯದಲ್ಲಿ ಕಚೇರಿಯಲ್ಲಿ ಒಂದು ಗಟ್ಟಿಯಾದ ಡೆಸ್ಕ್‌ಟಾಪ್ ಇಟ್ಟು, ಸೈಟಿಗೆ ಹಗುರವಾದ ಲ್ಯಾಪ್‌ಟಾಪ್ ಒಯ್ದು, ದೂರದಿಂದಲೇ ಡೆಸ್ಕ್‌ಟಾಪ್‌ಗೆ ಸಂಪರ್ಕ ಮಾಡಿಕೊಳ್ಳುವುದು ಜಾಣತನ. ಅದೇ ಹಣಕ್ಕೆ ಎರಡು ಪಟ್ಟು ಶಕ್ತಿ ಸಿಗುತ್ತದೆ.

ಕೋಟೆಬುರುಜು, ಚಿತ್ರದುರ್ಗ:

ಊರೊಳಗಿನ ಸೈಟುಗಳಿಗೆ ನಿಮ್ಮ ಸಲಹೆ ಸರಿಯಾಗಿಯೇ ಇದೆ. ಹೊಸದುರ್ಗದ ಗುಡ್ಡದ ಮೇಲೆ ಕರೆ ಮಾಡಲೇ ಸಿಗ್ನಲ್ ಸಿಗುವುದಿಲ್ಲ, ಇನ್ನು ದೂರಸಂಪರ್ಕದ ಪರದೆ ತೆರೆಯುವುದು ಎಲ್ಲಿಂದ ಬಂತು? ಕಚೇರಿಯಲ್ಲಿ ವಿದ್ಯುತ್ ಹೋದರೆ ಡೆಸ್ಕ್‌ಟಾಪ್ ಕೂಡ ಆರಿಹೋಗುತ್ತದೆ, ಅದಕ್ಕೆ ದೊಡ್ಡ ಯುಪಿಎಸ್ ಬೇಕು. ಹಗುರ ಯಂತ್ರ ಸಾಕಾಗುವವರು ಹಗುರ ಯಂತ್ರವನ್ನೇ ಕೊಳ್ಳಲಿ, ಅದರಲ್ಲಿ ಎರಡು ಮಾತಿಲ್ಲ. ನನ್ನಂಥವರಿಗೆ ಆ ಭಾರ ಹೊರದೆ ಗತಿಯಿಲ್ಲ.

ವಿದ್ಯಾನಗರದ ಸರ್ ಎರಡು ಯಂತ್ರ ಕೊಳ್ಳುವವರಿದ್ದೀರಿ. ಚಿಪ್‌ನ ಹೆಸರನ್ನು ನಂಬಿ ಹಣ ಕೊಡಬೇಡಿ. ನಿಮ್ಮ ಬಳಿ ಇರುವ ಆರ್‌ಟಿಎಕ್ಸ್ ಎ2000 ಚಿಪ್ಪನ್ನೇ ನೋಡಿ. ಎನ್ವಿಡಿಯಾ ಅದನ್ನು 35 ವ್ಯಾಟ್‌ನಿಂದ 95 ವ್ಯಾಟ್‌ವರೆಗೆ ಎಷ್ಟಕ್ಕಾದರೂ ಹೊಂದಿಸಿಕೊಳ್ಳಲು ಕಂಪನಿಗಳಿಗೆ ಬಿಟ್ಟಿದೆ. ತೆಳ್ಳಗಿನ ಯಂತ್ರದಲ್ಲಿ 35 ವ್ಯಾಟ್‌ಗೆ ಕಟ್ಟಿಹಾಕಿದ್ದರೂ, ದಪ್ಪ ಯಂತ್ರದಲ್ಲಿ 95ಕ್ಕೆ ಬಿಟ್ಟಿದ್ದರೂ ಪೆಟ್ಟಿಗೆಯ ಮೇಲೆ ಹೆಸರು ಒಂದೇ. ಪ್ರೊಸೆಸರ್‌ನ ಕಥೆಯೂ ಇದೇ. ತೆಳುವಾದ ಮೈಯಲ್ಲಿ ತುರುಕಿದ ದುಬಾರಿ ಐ9, ದಪ್ಪ ಮೈಯಲ್ಲಿ ಚೆನ್ನಾಗಿ ಉಸಿರಾಡುವ ಐ7ಗಿಂತ ಹಿಂದೆ ಬೀಳುವುದನ್ನು ಮೆಟಾಶೇಪ್‌ನಲ್ಲಿ ಕಣ್ಣಾರೆ ಕಂಡಿದ್ದೇನೆ. ಅಂಗಡಿಯವರನ್ನು ಒಪ್ಪಿಸಿ, ನಿಮ್ಮದೇ ಫೈಲ್ ಒಯ್ದು, ಅರ್ಧ ಗಂಟೆ ರೆಂಡರ್ ಓಡಿಸಿ. ಎಚ್‌ಡಬ್ಲ್ಯೂಇನ್ಫೋ ತಂತ್ರಾಂಶದಲ್ಲಿ ಪ್ರೊಸೆಸರ್ ಪ್ಯಾಕೇಜ್ ಪವರ್ ಮತ್ತು ಗ್ರಾಫಿಕ್ಸ್ ಪವರ್ ಎರಡನ್ನೂ ಕೊನೆಯ ಹತ್ತು ನಿಮಿಷ ನೋಡಿ ಬರೆದುಕೊಳ್ಳಿ. ಎ.ಸಿ. ಇರುವ ಮಳಿಗೆಯಲ್ಲಿ ಸಿಕ್ಕ ಅಂಕಿಯಿಂದ ಹರಿಹರದ ಸರ್ ಹೇಳಿದ ಶೇ. 17 ಕಳೆದರೆ ನಿಮ್ಮ ಏಪ್ರಿಲ್ ತಿಂಗಳ ಅಂಕಿ ಸಿಗುತ್ತದೆ.

ವಿದ್ಯಾನಗರ ಸಿವಿಲ್, ದಾವಣಗೆರೆ:

ಹಾಗೆಯೇ ಮಾಡುತ್ತೇನೆ. ಮಾದರಿ ತಿದ್ದುವವರಿಗೆ ಒಂದು ಹಗುರ ಯಂತ್ರ, ರೆಂಡರ್‌ಗೆ ಒಂದು ದಪ್ಪ ಯಂತ್ರ ಎಂದು ವಿಂಗಡಿಸಿ ಕೊಳ್ಳುವ ಯೋಚನೆ ಬಂದಿದೆ.

ಚಳ್ಳಕೆರೆ ಬಯಲು:

ನಡುವೆ ಬಂದು ಕೇಳುತ್ತಿರುವುದಕ್ಕೆ ಬೇಸರಿಸಬೇಡಿ. ಇದನ್ನೆಲ್ಲ ಓದುತ್ತ ನನ್ನ ಯಂತ್ರವನ್ನು ಮೇಜಿನ ಮೇಲಿಟ್ಟು ನೋಡಿದೆ. ಟಚ್‌ಪ್ಯಾಡ್‌ನ ಒಂದು ಅಂಚು ಮೇಲೆದ್ದಿದೆ, ಕ್ಲಿಕ್ ಆಗುತ್ತಿಲ್ಲ, ಯಂತ್ರ ಸಮತಟ್ಟಾಗಿ ಕೂರದೆ ಅಲುಗಾಡುತ್ತದೆ. ತಳದ ಸ್ಕ್ರೂ ಸಡಿಲವಾಗಿರಬಹುದೇ?

ಪಿ.ಬಿ. ರಸ್ತೆ ರಿಪೇರಿ, ದಾವಣಗೆರೆ:

ಸ್ಕ್ರೂ ಅಲ್ಲ, ಬ್ಯಾಟರಿ ಊದಿಕೊಂಡಿದೆ. ಈಗಲೇ ಚಾರ್ಜರ್ ತೆಗೆದು ಯಂತ್ರವನ್ನು ಪೂರ್ತಿ ಬಂದ್ ಮಾಡಿ. ಟಚ್‌ಪ್ಯಾಡ್ ಒತ್ತಿ ಕೂರಿಸಲು ಹೋಗಬೇಡಿ, ಸ್ಕ್ರೂ ಬಿಗಿ ಮಾಡಬೇಡಿ, ಊದಿದ ಚೀಲಕ್ಕೆ ಚುಚ್ಚಿದರೆ ಬೆಂಕಿ ಹತ್ತುತ್ತದೆ. ಹಾಸಿಗೆ, ಪರದೆ, ಕಾಗದ ಇರುವ ಕಡೆಯಿಂದ ದೂರ, ಬರಿಯ ನೆಲದ ಮೇಲೆ ಇಡಿ.

ಚಳ್ಳಕೆರೆ ಬಯಲು:

ಬಂದ್ ಮಾಡಿ ವರಾಂಡದ ನೆಲದ ಮೇಲೆ ಇಟ್ಟಿದ್ದೇನೆ. ನಾಳೆ ಬಸ್ಸಿನಲ್ಲಿ ದಾವಣಗೆರೆಗೆ ತರಬಹುದೇ?

ಪಿ.ಬಿ. ರಸ್ತೆ ರಿಪೇರಿ, ದಾವಣಗೆರೆ:

ಬೇಡ. ತುಂಬಿದ ಬಸ್ಸಿನಲ್ಲಿ ಬ್ಯಾಗ್ ಒತ್ತಿಹೋಗುತ್ತದೆ. ಚಳ್ಳಕೆರೆಯಲ್ಲೇ ತಿಳಿದ ತಂತ್ರಜ್ಞರನ್ನು ಮನೆಗೆ ಕರೆಸಿ ಬ್ಯಾಟರಿ ಬಿಚ್ಚಿಸಿ, ಯಂತ್ರವನ್ನು ಮಾತ್ರ ತನ್ನಿ. ಬಿಚ್ಚಿದ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ, ಕಸದ ಗಾಡಿಗೂ ಕೊಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯ ಹೊಣೆ ತಯಾರಿಸಿದವರದ್ದೇ ಆಗಿರುತ್ತದೆ, ಆದ್ದರಿಂದ ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಹಿಂದಕ್ಕೆ ಪಡೆಯಲು ಹೇಳಿ. ಹೊಸ ಬ್ಯಾಟರಿ ಬರುವವರೆಗೆ ಬರಿಯ ಅಡಾಪ್ಟರ್ ಮೇಲೆ ಕೆಲಸ ಮಾಡಬಹುದಾದ ಯಂತ್ರಗಳಿವೆ, ಆದರೆ ಅಡಾಪ್ಟರ್‌ಗೆ ಸಾಲದ ಕ್ಷಣಗಳಲ್ಲಿ ಬ್ಯಾಟರಿಯೂ ಕೈಜೋಡಿಸುವಂತೆ ಅವುಗಳನ್ನು ಮಾಡಿರುವುದರಿಂದ, ಬ್ಯಾಟರಿ ಇಲ್ಲದೆ ವೇಗ ಕಡಿಮೆಯೇ ಇರುತ್ತದೆ. ನಿಮ್ಮ ಯಂತ್ರದ ಮಾದರಿ ಸಂಖ್ಯೆಯನ್ನು ಇಲ್ಲಿ ಬರೆಯಿರಿ, ಯಾವ ಬ್ಯಾಟರಿ ತರಿಸಬೇಕು ಎಂದು ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ನೋಡಿ ಹೇಳುತ್ತೇನೆ.